ಇಲ್ಲದ ಹೆಂಗಸಿನ ವಿಳಾಸ

ಔಷಧ ಮಂಜೂರಾತಿ ಅಧಿಕಾರಿಗಳೇ,

ನನ್ನ ಗಂಡನ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಮತ್ತೆ ಕಾಣಿಸಿಕೊಂಡು ಐದು ತಿಂಗಳಾಯಿತು. ಎರಡನೇ ಸುತ್ತಿನ ಮಾತ್ರೆ ನಿಮ್ಮ ಉಗ್ರಾಣದಲ್ಲಿದೆ, ಅವರ ಕೈಗೆ ಬಂದಿಲ್ಲ. ಕಾರಣ, ನಿಮ್ಮ ಕಡತದ ಪ್ರಕಾರ ಅವರು ಎಂದೋ ಗುಣವಾಗಿಬಿಟ್ಟಿದ್ದಾರೆ.

ಮೊದಲ ಸುತ್ತಿನಲ್ಲಿ ಹನ್ನೆರಡು ವಾರ, ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದರು. ಕೊನೆಯ ದಿನದ ಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ. ಅಂದೇ ನೀವು 'ಗುಣಮುಖ' ಎಂದು ಮೊಹರು ಒತ್ತಿದಿರಿ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿದ ಮೇಲೆಯೇ ಹಾಗೆನ್ನಬೇಕು ಎಂದು ವೈದ್ಯರು ಹೇಳಿದ್ದರು. ವೈರಸ್ಸಿಗೆ ನಿಮ್ಮ ಮೊಹರು ಓದಲು ಬರಲಿಲ್ಲ. ಮೂರು ತಿಂಗಳಿಗೆ ಸರಿಯಾಗಿ ತಲೆಯೆತ್ತಿತು. ಇದು ಹಳೆಯದೇ, ಕೆಲವರಲ್ಲಿ ಮರುಕಳಿಸುತ್ತದೆ, ರೋಗಿಯ ತಪ್ಪಲ್ಲ, ಬೇರೆ ಮಾತ್ರೆ ಬೇಗ ಕೊಡಿ ಎಂದು ವೈದ್ಯರು ಬರೆದುಕೊಟ್ಟರು. ನಿಮ್ಮ ಗುಮಾಸ್ತರು ಆ ಚೀಟಿ ನೋಡಿ ತಲೆ ಕೆರೆದುಕೊಂಡರು.

"ಮರುಕಳಿಸಿದ್ದು ಅಂತ ಕಾಲಂ ಇಲ್ಲಮ್ಮ. ವಾಸಿ ಆದವರಿಗೆ ಮತ್ತೆ ಬಂದ್ರೆ ಹೊಸ ಸೋಂಕು. ಎಲ್ಲಿಂದ ಹತ್ತಿಸ್ಕೊಂಡ್ರು ಅಂತ ಟಿಕ್ ಹಾಕಿ, ಸಾಕು."

"ಎಲ್ಲಿಂದಲೂ ಇಲ್ಲ ಸ್ವಾಮಿ, ಒಳಗೇ ಇತ್ತು" ಎಂದರು ನನ್ನ ಗಂಡ.

"ಒಳಗೇ ಇತ್ತು ಅನ್ನೋದಕ್ಕೂ ಕಾಲಂ ಇಲ್ಲ ಯಜಮಾನ್ರೇ."

ಕಾಲಂ ಇಲ್ಲದ ಮೇಲೆ ರೋಗವೂ ಇಲ್ಲ. ನಿಮ್ಮ ವರದಿಯಲ್ಲಿ ನೂರಕ್ಕೆ ನೂರು ಮಂದಿ ಗುಣವಾಗುವುದು ಹೀಗೆಯೇ ಅಲ್ಲವೇ?

ಸೋಂಕು ಎಲ್ಲಿಂದ ಬಂತು ಎಂಬುದಕ್ಕೆ ಅರ್ಜಿಯಲ್ಲಿ ನಾಲ್ಕು ಚೌಕಗಳಿದ್ದವು. ರಕ್ತ ಪಡೆದದ್ದಾದರೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಕ್ಷೌರದಂಗಡಿ ಎಂದರೆ ಅಂಗಡಿಯನ್ನು ಹೆಸರಿಸಬೇಕು. ಏನೂ ಮಾಡದ ಒಬ್ಬನ ಬಾಗಿಲಿಗೆ ನಿಮ್ಮ ತನಿಖೆ ಹೋಗುತ್ತದೆ. ಮಾದಕದ ಸೂಜಿ ಎಂದರೆ, ಇವರು ಶಾಲಾ ಬಸ್ಸಿನ ಚಾಲಕರು, ಮರುದಿನವೇ ಕೆಲಸ ಹೋಗುತ್ತದೆ. ಉಳಿದದ್ದು ವಿವಾಹೇತರ ಸಂಬಂಧ. ಅದಕ್ಕೆ ಮಾತ್ರ ಯಾವ ಪ್ರಮಾಣಪತ್ರವೂ ಬೇಡ. ಎಂಥ ಔದಾರ್ಯ!

ಇವರು ಪೆನ್ನು ಕೆಳಗಿಟ್ಟರು. "ಮಾತ್ರೆ ಹಾಳಾಗ್ಲಿ ಕಣೆ. ಇಪ್ಪತ್ಮೂರು ವರ್ಷ ನಿನ್ ಜೊತೆ ಬಾಳಿ ಇದಕ್ಕೆ ಸಹಿ ಹಾಕ್ಲಾ?"

"ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ. ಮೊದ್ಲು ನೀವು ಉಳೀರಿ."

ಟಿಕ್ ನಾನೇ ಹಾಕಿದೆ. ಸಹಿ ಮಾಡುವಾಗ ಅವರು ನನ್ನ ಮುಖ ನೋಡಲಿಲ್ಲ. ಅಂದಿನಿಂದ ಊಟಕ್ಕೆ ಕೂತಾಗಲೂ ತಟ್ಟೆಯನ್ನೇ ನೋಡುತ್ತಾರೆ, ನಿಜವಾಗಿಯೂ ತಪ್ಪು ಮಾಡಿದವರ ಹಾಗೆ. ಇದನ್ನು ಗುಣಪಡಿಸುವ ಮಾತ್ರೆ ನಿಮ್ಮ ಉಗ್ರಾಣದಲ್ಲಿ ಇದೆಯೇ?

ಮಾತ್ರೆ ಬರಲಿಲ್ಲ, ಪತ್ರ ಬಂತು. ಸದರಿ ಮಹಿಳೆಯ ಹೆಸರು, ವಿಳಾಸ ಒದಗಿಸತಕ್ಕದ್ದು. ಆಕೆಯ ರಕ್ತಪರೀಕ್ಷೆಯಾಗುವವರೆಗೆ ಅರ್ಜಿಯನ್ನು ತಡೆಹಿಡಿಯಲಾಗಿದೆ. ಇಲ್ಲದವಳನ್ನು ಎಲ್ಲಿಂದ ತರಲಿ? ನನ್ನ ಹೆಸರನ್ನೇ ಬರೆದು ಕಳಿಸಿದೆ. ನಿನ್ನೆ ಆಕ್ಷೇಪಣೆ ಬಂದಿದೆ: ಪತ್ನಿಯ ಕಾಲಮ್ಮಿನಲ್ಲೂ ಇನ್ನೊಬ್ಬಳ ಕಾಲಮ್ಮಿನಲ್ಲೂ ಒಂದೇ ಹೆಸರು ಇರುವಂತಿಲ್ಲ.

ಆದ್ದರಿಂದ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ. ನಾವು ಸುಳ್ಳು ಬರೆದೆವು, ಬರೆಸಿದವರು ನೀವು. ಆ ಅರ್ಜಿಯನ್ನು ಹರಿದುಹಾಕಿ, ವೈದ್ಯರ ಚೀಟಿಯ ಮೇಲೆ ಈ ವಾರವೇ ಮಾತ್ರೆ ಕೊಡಿ. 'ಮರುಕಳಿಸಿದ್ದು' ಎಂಬ ಐದನೆಯ ಚೌಕವನ್ನು ಬೇಕಾದರೆ ಆಮೇಲೆ ನಿಧಾನವಾಗಿ ಅಚ್ಚು ಹಾಕಿಸಿ. ಗಟ್ಟಿಯಾಗುತ್ತಿರುವ ಲಿವರ್ ನಿಮ್ಮ ಮುದ್ರಣಾಲಯಕ್ಕೆ ಕಾಯುವುದಿಲ್ಲ.

ಇಂತಿ,
ನಿಮ್ಮ ಕಡತದಲ್ಲಿರುವ ಇಬ್ಬರು ಹೆಂಗಸರ ಪರವಾಗಿ,
ನನ್ನ ಗಂಡನ ಒಬ್ಬಳೇ ಹೆಂಡತಿ