ಕಿಟಕಿಯಾಚೆಯ ಹೆಲ್ಮೆಟ್

ಹೊಸದುರ್ಗ, ಗುರುವಾರ

ತಿಪ್ಪೇಸ್ವಾಮಿಯವರಿಗೆ ನಮಸ್ಕಾರ.

ನಿಮ್ಮ ಮಗಳು ಸಹನಾಳ ರಿಜಿಸ್ಟರ್ ಮದುವೆಯ ಫೋಟೋ ತೆಗೆದವನು ನಾನೇ. ಸಹಿಗಳು ಮುಗಿದ ಮೇಲೆ, ಛತ್ರದ ಮದುವೆಗಳ ಅಭ್ಯಾಸದಲ್ಲಿ, "ಹೆಣ್ಣಿನ ಕಡೆಯವ್ರು ಬರ್ರಿ, ನಿಂತ್ಕಳ್ರಿ" ಎಂದು ಕೂಗಿಬಿಟ್ಟೆ. ಯಾರೂ ಬರಲಿಲ್ಲ. ಕಚೇರಿಯ ಕಿಟಕಿಯಾಚೆ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ ನೀವು ಮಾತ್ರ ಫೋಟೋದೊಳಗೆ ಬಂದಿರಿ.

ನಿನ್ನೆ ಫೋನಿನಲ್ಲಿ, "ಲೇ ದಾದಾಪೀರ, ನನ್ನ ಅಳಿಸ್ಬಿಡು. ಊರಾಗೆ ಯಾರನಾ ನೋಡಿದ್ರೆ ಮರ್ಯಾದೆ ಹೋಗ್ತೈತೆ" ಎಂದಿರಿ. ಅಳಿಸಿದ್ದೇನೆ. ಕಿಟಕಿಯಲ್ಲೀಗ ಬರೀ ಬೇವಿನ ಮರವಿದೆ.

ಆದರೆ ಗಂಡು ಕ್ಯಾಮೆರಾ ನೋಡುತ್ತಿದ್ದಾನೆ, ಸಹನಾ ಕಿಟಕಿಯನ್ನೇ ನೋಡುತ್ತಿದ್ದಾಳೆ. ಆ ಕಣ್ಣನ್ನು ಈ ಕಡೆ ತಿರುಗಿಸುವ ವಿದ್ಯೆ ನನಗೆ ಬರುವುದಿಲ್ಲ. ಸೋಮವಾರ ಅವಳು ಆಲ್ಬಮ್ ಒಯ್ಯಲು ಬರುತ್ತಾಳೆ. "ಇಲ್ಲಿದ್ದ ಅಪ್ಪ ಎಲ್ಲಿ?" ಎಂದು ಕೇಳಿದರೆ ಏನು ಹೇಳಬೇಕೆಂದು ದಯವಿಟ್ಟು ತಿಳಿಸಿ.

ನೀವು ಹೇಳಿದಷ್ಟು ಮಾಡಿದ,
ದಾದಾಪೀರ್