ಕೆಳಗಿನಿಂದ ಎಸೆದ ಚೆಂಡು

ಸೋಮವಾರ, ಮಧ್ಯಾಹ್ನ
ಆಟಗಾರ್ತಿಯರ ವಸತಿ

ಪ್ರೀತಿಯ ಅಮ್ಮನಿಗೆ, ನಿನ್ನ ಉದ್ದನೆಯ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನನ್ನ ಮೊಣಕಾಲೂ ಕ್ಷೇಮ. ಫೋನ್ ಬಿಟ್ಟು ಪತ್ರ ಹಿಡಿದಳಲ್ಲ, ಏನು ಗ್ರಹಚಾರವೋ ಎಂದು ಎದೆ ಒಡೆದುಕೊಳ್ಳಬೇಡ. ಫೋನಿನಲ್ಲಿ ಯಾವುದಾದರೂ ಗಟ್ಟಿ ವಿಷಯ ಎತ್ತಿದರೆ ನೀನು 'ಸರಿ ಸರಿ, ಊಟ ಆಯ್ತಾ?' ಎಂದು ಮಾತು ತಿರುಗಿಸುತ್ತೀಯ. ಪತ್ರದ ಮಾತು ತಿರುಗಿಸಲು ನಿನ್ನಿಂದಲೂ ಆಗದು. ಹೊಲಿಗೆ ಯಂತ್ರ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಪೂರ್ತಿ ಓದು.

ಶನಿವಾರದ ಪಂದ್ಯದಲ್ಲಿ ನಾನು ಜನ ನಗುವಂಥ ಒಂದು ಕೆಲಸ ಮಾಡಲಿದ್ದೇನೆ. ಟಿ.ವಿ.ಯಲ್ಲಿ ನೋಡಿ ನೀನು ಬೆಚ್ಚಿಬೀಳುವುದು ಬೇಡವೆಂದು ಮೊದಲೇ ಹೇಳುತ್ತಿದ್ದೇನೆ.

ಬಾಸ್ಕೆಟ್‌ಬಾಲ್‌ನಲ್ಲಿ ಎದುರಾಳಿ ನಿಯಮ ಮೀರಿ ಮೈಮೇಲೆ ಬಿದ್ದು ತಡೆದರೆ, ನಮಗೆ ಎರಡು ಬಿಡಿ ಎಸೆತ ಸಿಗುತ್ತವೆ. ಯಾರೂ ಅಡ್ಡ ಬರುವುದಿಲ್ಲ. ಗೆರೆಯ ಹಿಂದೆ ನಿಂತು ಬುಟ್ಟಿಗೆ ಹಾಕಿದರಾಯಿತು. ಚಿಕ್ಕ ಮಕ್ಕಳೂ ಹಾಕುತ್ತಾರೆ, ಆದರೆ ಹದಿನಾಲ್ಕು ವರ್ಷ ಈ ಆಟದಿಂದಲೇ ಅನ್ನ ತಿಂದ ನಿನ್ನ ಮಗಳು ಹಾಕುವುದಿಲ್ಲ. ಗೆರೆಯ ಹಿಂದೆ ನಿಂತ ಕೂಡಲೇ ಕೈ ಕಲ್ಲಾಗುತ್ತದೆ. ಇದು ಎಲ್ಲ ತಂಡಗಳಿಗೂ ತಿಳಿದುಹೋಗಿದೆ. ಆಟ ಬಿಗಿಯಾಯಿತೋ, ಬೇಕೆಂದೇ ಬಂದು ನನ್ನನ್ನೇ ಹಿಡಿದುಕೊಳ್ಳುತ್ತಾರೆ. ಅದಕ್ಕೇ ಕೋಚ್ ಕೊನೆಯ ಐದು ನಿಮಿಷ ನನ್ನನ್ನು ಬೆಂಚಿನ ಮೇಲೆ ಕೂರಿಸುತ್ತಾರೆ. ಅಡುಗೆಯೆಲ್ಲ ಮಾಡಿದವಳನ್ನು ಬಡಿಸುವ ಹೊತ್ತಿಗೆ ಹೊರಗೆ ಕಳುಹಿಸಿದ ಹಾಗೆ. ನನಗೀಗ ಮೂವತ್ತಮೂರು. ಕೊನೆಯಲ್ಲಿ ಆಡಲಾಗದವಳ ಜೊತೆ ಮುಂದಿನ ವರ್ಷಕ್ಕೆ ಒಪ್ಪಂದ ಯಾಕೆ ಎಂದು ತಂಡದ ಕಚೇರಿಯಲ್ಲಿ ಮಾತು ಶುರುವಾಗಿದೆ.

ಎರಡು ತಿಂಗಳ ಹಿಂದೆ, ಭುಜ ನೋಯುತ್ತಿದ್ದ ಒಂದು ದಿನ, ಹುಡುಗಾಟಕ್ಕೆ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಮೊಣಕಾಲುಗಳ ನಡುವಿನಿಂದ ಬುಟ್ಟಿಯತ್ತ ಮೇಲಕ್ಕೆ ತೂರಿದೆ. ಬಿತ್ತು. ಇನ್ನೊಂದು ತೂರಿದೆ, ಅದೂ ಬಿತ್ತು. ಕೈ ಕಲ್ಲಾಗಲೇ ಇಲ್ಲ. ಹೀಗೆ ಎಸೆಯಲು ನಿಯಮದ ಅಡ್ಡಿಯಿಲ್ಲ. ಆದರೆ ಯಾರೂ ಎಸೆಯುವುದಿಲ್ಲ, ಯಾಕೆಂದರೆ ನೋಡುವವರಿಗೆ ತುಂಬಿದ ಬಕೆಟ್ ಎತ್ತಿದ ಹಾಗೆ ಕಾಣುತ್ತದೆ. ಚೆನ್ನಾಗಿ ಕಾಣುವಂತೆ ಎಸೆದು ತಪ್ಪಿದರೂ ನಮ್ಮವರಿಗೆ ಪರವಾಗಿಲ್ಲ.

ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಾಗ ನಮ್ಮ ತಂಡದ ನಾಯಕಿ ಬಂದು ನೋಡಿಬಿಟ್ಟಳು. 'ಅಯ್ಯೋ, ಮಗೂನ ತೂಗ್ತಿದ್ದೀಯೇನೇ?' ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಎಸೆಯುತ್ತಲೇ ಹೋದೆ. ಸ್ವಲ್ಪ ಹೊತ್ತಿಗೆ ಅವಳ ನಗು ತಾನಾಗಿಯೇ ನಿಂತಿತು. ಚೆಂಡು ಹೆಕ್ಕಿ ಕೊಡತೊಡಗಿದಳು. ಕೋಚ್ ಮಾತ್ರ, 'ಬೀಳುತ್ತೆ, ಒಪ್ಕೊಂಡೆ. ಆದ್ರೆ ಅಷ್ಟು ಜನರೆದುರು ಹೀಗೆ ಎಸೆದ್ರೆ ತಂಡದ ಮಾನ ಏನಾಗ್ಬೇಕು?' ಎಂದರು. 'ಬೆಂಚ್ ಮೇಲೆ ಕೂತು ಸೋಲೋದ್ರಲ್ಲಿ ಯಾವ ಮಾನ ಇದೆ ಸರ್?' ಎಂದು ಕೇಳಿಯೇಬಿಟ್ಟೆ. ಒಂದೇ ಒಂದು ಪಂದ್ಯ ಕೊಟ್ಟಿದ್ದಾರೆ, ಶನಿವಾರದ್ದು. ಅಲ್ಲಿ ತಪ್ಪಿದರೆ ಬೆಂಚು, ಆಮೇಲೆ ಮನೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. 'ನಾಲ್ಕು ಜನ ನಗೋ ಹಾಗೆ ಮಾಡ್ಕೋಬೇಡ' ಎಂದು ಹೇಳಿ ಹೇಳಿಯೇ ನನ್ನನ್ನು ಬೆಳೆಸಿದೆ. ಬೀದಿಯ ಹುಡುಗರು ಏಣಿ, ದೀಪದ ಕಂಬ ಎಂದು ಕೂಗಿದಾಗ ಅವರನ್ನು ಗದರಿಸುವ ಬದಲು 'ಸ್ವಲ್ಪ ಬಗ್ಗಿ ನಡಿಯೇ' ಎಂದು ನನಗೇ ಹೇಳಿದೆ. ಆಗ ನಿನ್ನ ಮೇಲೆ ಕೋಪ ಬರುತ್ತಿತ್ತು. ಈಗಿಲ್ಲ. ಆಡಿಕೊಳ್ಳುವವರ ಮುಂದೆ ಎಡವಿ ಬೀಳಬಾರದೆಂಬ ಭಯ ನನಗೂ ಅಂಟಿದೆ, ಗೆರೆಯ ಹಿಂದೆ ನನ್ನ ಕೈ ಕಟ್ಟಿಹಾಕುತ್ತಿದ್ದುದೂ ಅದೇ ಭಯ. ಆದರೆ ಅಮ್ಮ, ನಗುವವರ ಬಾಯಿ ಮುಚ್ಚಿಸುವುದರಲ್ಲೇ ಅರ್ಧ ಆಯುಸ್ಸು ಕಳೆಯಿತು. ಇನ್ನು ನಕ್ಕರೆ ನಗಲಿ, ಅವರ ಹಲ್ಲು ಅವರದು. ನನಗೆ ಆ ಕೊನೆಯ ಐದು ನಿಮಿಷ ಬೇಕು. ಅದನ್ನು ಬಿಟ್ಟುಕೊಡುವುದಿಲ್ಲ.

ಹಾಗಾಗಿ ನಿನ್ನ ಅಪ್ಪಣೆ ಕೇಳುತ್ತಿಲ್ಲ, ಕೋಪ ಮಾಡಿಕೊಳ್ಳಬೇಡ. ನೋಡಲು ಕಷ್ಟವಾದರೆ ಟಿ.ವಿ. ಹಾಕಬೇಡ. ಪಂದ್ಯಕ್ಕೆ ಬಾ ಎಂದು ಇಷ್ಟು ವರ್ಷ ಕರೆದು ಕರೆದು ನನಗೂ ಸಾಕಾಗಿದೆ, ಈ ಸಲ ಕರೆಯುವುದಿಲ್ಲ. ಅಕ್ಕಪಕ್ಕದವರು ಏನಾದರೂ ಅಂದರೆ 'ಅವಳು ಯಾರ ಮಾತು ಕೇಳ್ತಾಳೆ' ಎಂದು ನನ್ನ ಮೇಲೇ ಹಾಕಿಬಿಡು.

ನಿನ್ನ ಮಾತು ಮೀರಿದರೂ ನಿನ್ನವಳೇ ಆದ
ಮಗಳು

ತಾ.ಕ.: ಇಂದು ಭಾನುವಾರ ಬೆಳಿಗ್ಗೆ. ಮೇಲಿನದನ್ನೆಲ್ಲ ದೊಡ್ಡ ಗಂಟಲಲ್ಲಿ ಬರೆದೆನೇ ಹೊರತು ಅಂಚೆಗೆ ಹಾಕಲು ಧೈರ್ಯ ಸಾಲಲಿಲ್ಲ. ಈಗ ಹಾಕುತ್ತಿದ್ದೇನೆ. ನಿನ್ನೆ ಮೊದಲ ಎಸೆತಕ್ಕೆ ಇಡೀ ಕ್ರೀಡಾಂಗಣ ನಕ್ಕಿತು. ಚೆಂಡು ಬಿತ್ತು. ಎರಡನೆಯದಕ್ಕೆ ಮೊದಲು ತಲೆ ಎತ್ತಿದರೆ, ಬುಟ್ಟಿಯ ಹಿಂದಿನ ಸಾಲುಗಳಲ್ಲಿ, ನಗುತ್ತ ಕೂತವರ ನಡುವೆ, ಕರೆಯದೆಯೇ ಬಂದ ನೀನೊಬ್ಬಳೇ ಎದ್ದು ನಿಂತಿದ್ದೆ. ಹಿಂದಿನವರು 'ಕೂತ್ಕೊಳ್ಳಮ್ಮಾ, ಏನೂ ಕಾಣ್ತಿಲ್ಲ' ಎಂದು ಕೂಗುತ್ತಿದ್ದರು. ನೀನು ಕೂರಲಿಲ್ಲ. ಎರಡನೆಯದೂ ಬಿತ್ತು. ಆಟ ಮುಗಿಯುವವರೆಗೂ ಕೋಚ್ ನನ್ನನ್ನು ಹೊರಗೆ ಕರೆಯಲಿಲ್ಲ. ನಾನು ಹುಡುಕಿಕೊಂಡು ಬರುವಷ್ಟರಲ್ಲಿ ನೀನು ಹೇಳದೆ ಕೇಳದೆ ಹೊರಟುಹೋಗಿದ್ದೆ. ಮನೆಯಲ್ಲಾಗಲಿ, ಬೀದಿಯಲ್ಲಾಗಲಿ, ಇಷ್ಟು ವರ್ಷ ನಾನು ಕಂಡದ್ದು ಬಗ್ಗಿ ನಡೆಯುವ ನಿನ್ನನ್ನೇ. ನೀನು ಅಷ್ಟು ಎತ್ತರ ಎಂದು ನನಗೆ ಗೊತ್ತೇ ಇರಲಿಲ್ಲ, ಅಮ್ಮ.