ಗೆರೆ ಅದೇ, ತೂಕ ಬೇರೆ

ಮಾಮ,

ಒಂಬತ್ತನೇ ಕ್ಲಾಸು ಬಿಟ್ಟು ಬೀದಿ ಸುತ್ತುತ್ತಿದ್ದ ನನ್ನನ್ನು ಮಹದೇವಪುರದ ಪೇಂಟ್ ಕಾರ್ಖಾನೆಗೆ ಕರೆದುಕೊಂಡು ಹೋದವರು ನೀವು. ಬಣ್ಣ ಅರೆಯುವ ಯಂತ್ರದ ಉಕ್ಕಿನ ಗುಂಡುಗಳನ್ನು ತೊಳೆದು, ಡ್ರಮ್ಮಿಗೆ ತುಂಬಿ, ಚೈನಿನಲ್ಲಿ ಮೇಲಕ್ಕೆ ಎತ್ತುವುದು ನಮ್ಮ ಕೆಲಸ. ಅಲ್ಲಿ ತಕ್ಕಡಿ ಇರಲಿಲ್ಲ. ಚೈನು ತಡೆಯುವಷ್ಟು ಅಳೆದು ಡ್ರಮ್ಮಿನೊಳಗೆ ಬಿಳಿ ಗೆರೆ ಎಳೆದಿದ್ದವರೂ ನೀವೇ.

ಮೊದಲ ದಿನವೇ ಹೇಳಿದ್ದಿರಿ: "ಗೆರೆ ತನಕ ಸುರಿ. ತಟ್ಬೇಡ."

"ತಟ್ಟಿದ್ರೆ ಏನಾಗುತ್ತೆ ಮಾಮ?"

"ಗುಂಡು ಒತ್ತಾಗಿ ಕೂರ್ತವೆ, ಇನ್ನಷ್ಟು ಹಿಡಿಸುತ್ತೆ. ಗೆರೆ ಅದೇ, ತೂಕ ಬೇರೆ. ಇದಕ್ಕೂ ಸ್ಕೂಲಿಗೆ ಹೋಗ್ಬೇಕೇನೋ ದೊರೆ?"

ಆ ಶನಿವಾರ ನೀವು ಟೀ ಕುಡಿಯಲು ಹೋಗಿದ್ದಿರಿ. ನಾನು ಮರದ ಸುತ್ತಿಗೆಯಿಂದ ಡ್ರಮ್ಮಿನ ಸುತ್ತ ತಟ್ಟಿದೆ. ಗುಂಡುಗಳು ಗೆರೆಗಿಂತ ನಾಲ್ಕು ಬೆರಳು ಕೆಳಗಿಳಿದವು. ಮತ್ತೆ ಗೆರೆ ತನಕ ಸುರಿದೆ. ಹನ್ನೊಂದು ಸಲ ಎತ್ತುವ ಕೆಲಸ ಹತ್ತೇ ಸಲಕ್ಕೆ ಮುಗಿಯಲಿ ಎಂಬ ಆತುರ. ನೀವು ಬಂದು ಗೆರೆ ನೋಡಿ ತಲೆಯಾಡಿಸಿದಿರಿ. ಡ್ರಮ್ಮು ಆಳೆತ್ತರಕ್ಕೆ ಏರಿದ ಮೇಲೆ ಚೈನು ಕಿತ್ತುಹೋಯಿತು. ನೀವು ಸರಿದುಕೊಳ್ಳುವಷ್ಟರಲ್ಲಿ...

ನಿಮ್ಮನ್ನು ಎತ್ತುವ ಮೊದಲೇ ಮಾಲೀಕರು, "ಮುನಿಯಪ್ಪ ಗೆರೆಯನ್ನೇ ತಪ್ಪು ಹಾಕಿದ್ದ" ಎಂದರು. ನಾನು ಪಕ್ಕದಲ್ಲಿದ್ದೆ. ಸುಳ್ಳು ಹೇಳಲಿಲ್ಲ, ನಿಜ ಹೇಳಲು ಬಾಯಿಯೂ ಬಿಡಲಿಲ್ಲ. ಅವೆರಡರ ನಡುವೆ ಏನು ವ್ಯತ್ಯಾಸ ಮಾಮ?

ನಿಮ್ಮ ತಿಥಿಯಾದ ಮೇಲೆ ಮನೆಯಲ್ಲಿ ಸಣ್ಣ ಗುಂಡುಗಳನ್ನು ಡಬ್ಬಕ್ಕೆ ಸುರಿದು, ಸಂದಿಗಳಿಗೆ ನೀರು ಹೊಯ್ದು ನೋಡಿದೆ. ನೂರು ಮುಚ್ಚಳ ನೀರು ಹಿಡಿಯುವ ಡಬ್ಬ. ಸುಮ್ಮನೆ ಸುರಿದ ಗುಂಡುಗಳ ನಡುವೆ ನಲವತ್ತೆರಡು ಮುಚ್ಚಳ ಹಿಡಿಯಿತು. ತಟ್ಟಿ ತುಂಬಿದಾಗ ಮೂವತ್ತಾರು. ಎಷ್ಟು ಕುಲುಕಿದರೂ ಅದಕ್ಕಿಂತ ಇಳಿಯಲಿಲ್ಲ. ಶಿವಾಜಿನಗರದಲ್ಲಿ ಮೋಸಂಬಿ ಪೇರಿಸುವವರ ಹಾಗೆ ಒಂದೊಂದನ್ನೇ ಜೋಡಿಸಿದರೆ ಇನ್ನೂ ಹೆಚ್ಚು ಗುಂಡು ಹಿಡಿಸೀತು. ಬೇಕಾಬಿಟ್ಟಿ ಬಿದ್ದವಕ್ಕೆ ಅಷ್ಟೇ ಮಿತಿ. ಅಂದರೆ ನೂರರಲ್ಲಿ ಐವತ್ತೆಂಟು ಭಾಗ ಉಕ್ಕು ಇರಬೇಕಾದ ಕಡೆ ಅರವತ್ತನಾಲ್ಕು. ಆ ಆರು ಭಾಗ ನಾನು ತುಂಬಿದ್ದು.

ಹೋದ ಭಾನುವಾರ ಮರ್ಫಿ ಟೌನಿಗೆ ಹೋಗಿ ಅತ್ತೆಗೆ ಎಲ್ಲ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ತಟ್ಬೇಡ ಅಂದಿದ್ರಾ ಅವರು?"

"ಅಂದಿದ್ರು ಅತ್ತೆ."

"ಅದನ್ನ ಕಾರ್ಖಾನೇಲಿ ಎಲ್ಲರ ಮುಂದೆ ಹೇಳು. ಆಮೇಲೆ ಈ ಮನೆಗೆ ಬರ್ಬೇಡ."

ಇವತ್ತು ಬೆಳಿಗ್ಗೆ ಹೇಳಿದೆ ಮಾಮ. ಯಂತ್ರ ನಿಲ್ಲಿಸಿ ಎಲ್ಲರೂ ಕೇಳಿದರು. ಮಾಲೀಕರು ನೆಲ ನೋಡಿದರು. ಇನ್ನು ಅಲ್ಲಿ ಯಾರೂ ನೀವು ತಪ್ಪು ಮಾಡಿದಿರಿ ಎನ್ನುವುದಿಲ್ಲ. ಅತ್ತೆ ಗೇಟಿನ ಹೊರಗೆ ನಿಂತು ಕೇಳಿಸಿಕೊಂಡರಂತೆ. ನಾನು ಹೊರಗೆ ಬರುವಷ್ಟರಲ್ಲಿ ಬಸ್ಸು ಹತ್ತಿದ್ದರು.